ಹರಿಯುವ ಲಾವಾ ತೋರಿಸ್ತೇವೆ ಅನ್ನುವವರಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯವರು ದಯವಿಟ್ಟು ಪೂರ್ತಿ ಓದಿ. ಬಾಲಿ ಪ್ಯಾಕೇಜಿನ ಜೊತೆಗೆ ‘ಜ್ವಾಲಾಮುಖಿ ಟ್ರೆಕ್ಕಿಂಗ್, ಹರಿಯುವ ಲಾವಾ ಹತ್ತಿರದಿಂದ’ ಅಂತ ಒಂದು ಪೋಸ್ಟರ್ ವಾಟ್ಸಾಪಿನಲ್ಲಿ ತಿರುಗುತ್ತಾ ಉಂಟು. ಕೆಂಪಗೆ ಹರಿಯುವ ಲಾವಾ, ಅದರ ಎದುರು ಬ್ಯಾಗು ಹಾಕಿ ನಿಂತ ನಾಲ್ಕು ಜನ. ಅದನ್ನು ನೋಡಿಯೇ ನಾವು ಹೋದದ್ದು. ಅಲ್ಲಿ ಲಾವಾ ಇಲ್ಲ ಮಾರಾಯ್ರೆ. ಒಂದು ತೊಟ್ಟೂ ಇಲ್ಲ.

ಏಜೆಂಟನ ಹೆಸರು ಹಾಕುವುದಿಲ್ಲ. ಹಾಕಿದರೆ ಕೇಸು ಅಂತ ಆಗಲೇ ಹೆದರಿಸಿದ್ದಾನೆ. ಪೋಸ್ಟರ್ ಬಂದವರಿಗೆ ಗೊತ್ತಾಗುತ್ತದೆ.

ಹೋದದ್ದು ನಾನು, ಅಕ್ಕ, ಭಾವ, ಭಾವನ ತಮ್ಮನ ಮಗ, ಮತ್ತೆ ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾಷ್ಟ್ರು. ಎಲ್ಲರನ್ನೂ ಹೊರಡಿಸಿದವ ನಾನೇ, ದುಡ್ಡು ಒಟ್ಟು ಮಾಡಿ ಕಳಿಸಿದವನೂ ನಾನೇ. ಭಾವನದ್ದು ಅಡಿಕೆ ಮಾರಿದ ದುಡ್ಡು. ದುಡ್ಡು ಕಳಿಸುವ ಮೊದಲು ಸ್ಪಷ್ಟವಾಗಿ ಕೇಳಿದ್ದೇನೆ, ಮೆಸೇಜು ಈಗಲೂ ಉಂಟು: ‘ಲಾವಾ ಈಗ ಹರಿಯುತ್ತಾ ಉಂಟಾ?’ ಉತ್ತರ: ‘ನೂರಕ್ಕೆ ನೂರು ಸಾರ್, ಕಣ್ಣೆದುರೇ.’ ಯಾವ ಜ್ವಾಲಾಮುಖಿ ಅಂತ ಕೇಳಿದರೆ, ‘ಅದೆಲ್ಲ ಅಲ್ಲಿಯ ಟೀಮ್ ನೋಡಿಕೊಳ್ತದೆ.’ ಕವಾ ಇಜೆನ್ ಎಂಬ ಹೆಸರು ನಮಗೆ ಸಿಕ್ಕಿದ್ದು ಬಾಲಿಯಲ್ಲಿ ವ್ಯಾನು ಹತ್ತಿದ ಮೇಲೆ.

ಅದು ಇರುವುದು ಬಾಲಿಯಲ್ಲಲ್ಲ, ಪಕ್ಕದ ಜಾವಾ ದ್ವೀಪದ ಪೂರ್ವ ಭಾಗದಲ್ಲಿ. ಗಿಲಿಮಾನುಕ್ ಬಂದರಿನ ತನಕ ವ್ಯಾನು, ಅಲ್ಲಿಂದ ಫೆರಿಯಲ್ಲಿ ಕಡಲು ದಾಟಬೇಕು, ಆಮೇಲೆ ಬಾನ್ಯುವಾಂಗಿ ಕಡೆಯಿಂದ ಪುನಃ ಘಟ್ಟ. ರಾತ್ರಿಯಿಡೀ ನಿದ್ದೆ ಇಲ್ಲ. ನಡುವೆ ಒಂದು ಕ್ಲಿನಿಕ್ಕಿನಲ್ಲಿ ಇಳಿಸಿದರು. ಗುಡ್ಡ ಹತ್ತಲಿಕ್ಕೆ ಆರೋಗ್ಯ ಸರ್ಟಿಫಿಕೇಟು ಬೇಕಂತೆ, ಅದಕ್ಕೆ ಬೇರೆ ದುಡ್ಡು. ಪಾಲ್ಟುಡಿಂಗ್ ಎಂಬಲ್ಲಿ ಹತ್ತುವ ದಾರಿ ಶುರು, ಅಲ್ಲಿ ಗ್ಯಾಸ್ ಮಾಸ್ಕಿಗೆ ಬೇರೆ ದುಡ್ಡು. ಏಜೆಂಟ್ ಊರಿನಲ್ಲೇ ‘ಟ್ರೆಕ್ಕಿಂಗ್ ಕಿಟ್’ ಅಂತ ಕೊಟ್ಟದ್ದು ಬಟ್ಟೆಯ ಮಾಸ್ಕ್! ಗಂಧಕದ ಹೊಗೆಗೆ ಬಟ್ಟೆ ಮಾಸ್ಕ್. ಇದೇ ಇಜೆನಿನಲ್ಲಿ 2018ರ ಮಾರ್ಚಿನಲ್ಲಿ ವಿಷಾನಿಲ ಹೊರಟು ಹಲವರು ಆಸ್ಪತ್ರೆ ಸೇರಿದ್ದಾರೆ. ಮಾಷ್ಟ್ರಿಗೆ ದಮ್ಮು ಉಂಟು ಅಂತ ಮೊದಲೇ ಹೇಳಿದ್ದೆ. ಹೇಳಿದ್ದೆ!

ಕುಳಿಯ ಅಂಚಿನವರೆಗೆ ಮೂರು ಕಿಲೋಮೀಟರ್ ಏರು. ನಮ್ಮ ಊರಿನ ಪೊಸಡಿಗುಂಪೆ ಗುಡ್ಡ ಹತ್ತಿ ಅಭ್ಯಾಸ ಇದ್ದವರಿಗೂ ಸುಸ್ತಾಗುತ್ತದೆ. ಅಂಚಿನಿಂದ ಕೆಳಗೆ ಬರೀ ಕಲ್ಲು, ಕತ್ತಲು. ಎದುರಿನಿಂದ ಗಂಧಕದ ಕೂಲಿಯವರು ಎಪ್ಪತ್ತು ಎಂಬತ್ತು ಕಿಲೋ ಹಳದಿ ಗಟ್ಟಿ ಹೆಗಲಲ್ಲಿ ಹೊತ್ತು ಬರುತ್ತಾರೆ, ಅವರಿಗೆ ದಾರಿ ಬಿಡಬೇಕು. ಕೆಳಗಿಳಿದಾಗ ಹೊಗೆಯ ನಡುವೆ ನೀಲಿ ಉರಿ ಕಂಡಿತು. ಚಂದವೇ. ಇಲ್ಲ ಅನ್ನುವುದಿಲ್ಲ.

ಆದರೆ ನಾವು ಕಾಯುತ್ತಾ ನಿಂತದ್ದು ಲಾವಾಕ್ಕೆ. ಇನ್ನೂ ಮುಂದೆ ಇರಬಹುದು ಅಂತ ನಾನೇ ಎಲ್ಲರಿಗೂ ಸಮಾಧಾನ ಹೇಳುತ್ತಾ ಇದ್ದೆ. ಕೊನೆಗೆ ಗೈಡಿನ ಹತ್ತಿರ ಕೇಳಿದೆ, ಲಾವಾ ಎಲ್ಲಿ ಅಂತ. ಅವನು ನಕ್ಕ. ಕೆಟ್ಟ ನಗೆ ಅಲ್ಲ, ಪಾಪದವ. ‘ನೋ ಲಾವಾ ಸರ್. ಸಲ್ಫರ್ ಫೈರ್. ಲಾವಾ ಕಮ್, ಮೌಂಟನ್ ಕ್ಲೋಸ್.’ ನಾಲ್ಕೂ ಜನರ ತಲೆಯ ಟಾರ್ಚು ಒಟ್ಟಿಗೆ ನನ್ನ ಮುಖಕ್ಕೆ ತಿರುಗಿತು. ಭಾವ ಒಂದು ಮಾತು ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಅಕ್ಕ ಮಾತ್ರ, ‘ಗ್ಯಾಸ್ ಒಲೆಯ ಉರಿ ನೋಡಲಿಕ್ಕೆ ಕಡಲು ದಾಟಿ ಬರಬೇಕಿತ್ತಾ ತಮ್ಮಾ’ ಅಂದಳು. ಮನೆಯಲ್ಲಿ ಈಗಲೂ ಒಲೆ ಹಚ್ಚುವಾಗ ಅದನ್ನೇ ಹೇಳುತ್ತಾಳೆ.

ಮಾಷ್ಟ್ರು ಕೆಮ್ಮಿನ ನಡುವೆಯೇ ಪಾಠ ಮಾಡಿದರು. ಬಿರುಕುಗಳಿಂದ ಬರುವ ಗಂಧಕದ ಅನಿಲ 600 ಡಿಗ್ರಿ ಸೆಲ್ಸಿಯಸ್ ತನಕ ಬಿಸಿ ಇರುತ್ತದೆ, ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಅದರಲ್ಲಿ ಸ್ವಲ್ಪ ತಂಪಾಗಿ ದ್ರವ ಗಂಧಕ ಆಗಿ ಉರಿಯುತ್ತಲೇ ಇಳಿಜಾರಿನಲ್ಲಿ ಹರಿಯುತ್ತದೆ. ರಾತ್ರಿ ಫೋಟೋ ತೆಗೆದರೆ ನೀಲಿ ಹೊಳೆಯ ಹಾಗೆ ಕಾಣುತ್ತದೆ. ಲಾವಾ ಅಂದರೆ ಕರಗಿದ ಬಂಡೆ, ಬಸಾಲ್ಟ್ ಎಂಬ ಕಪ್ಪು ಕಲ್ಲಿನ ಲಾವಾ ಆದರೆ 1000 ಡಿಗ್ರಿಯ ಮೇಲೆಯೇ, ಅದು ನೀಲಿ ಇರುವುದೇ ಇಲ್ಲ. ಬೆಳಕು ಹರಿದ ಮೇಲೆ ಕುಳಿಯ ಆಮ್ಲದ ಸರೋವರ ಹಸಿರು ನೀಲಿಯಾಗಿ ಕಂಡಿತು, ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಅಗಲ. ಇಜೆನ್ ಅಂತಲೇ ಹೇಳಿ ಕರಕೊಂಡು ಹೋಗಿದ್ದರೆ ಖುಷಿಯಲ್ಲಿ ಬರುತ್ತಿದ್ದೆವು. ಮಂಡೆ ಬಿಸಿ ಆದದ್ದು ಜಾಗದ ಮೇಲೆ ಅಲ್ಲ.

ಈಗ ಏಜೆಂಟನ ಉತ್ತರಗಳು ಕೇಳಿ.

ಮೊದಲ ದಿನ: ‘ಅದು ಬ್ಲೂ ಲಾವಾ ಸಾರ್, ಲಾವಾದಲ್ಲಿ ಬೆಸ್ಟ್ ಅದೇ.’

ಪೋಸ್ಟರಿನಲ್ಲಿ ಕೆಂಪು ಉಂಟಲ್ಲ ಅಂದರೆ: ‘ಪ್ರಕೃತಿ ನಮ್ಮ ಕೈಯಲ್ಲಿ ಉಂಟಾ ಸಾರ್?’

ಭಾವನ ತಮ್ಮನ ಮಗ ಆ ಫೋಟೋವನ್ನು ಗೂಗಲಿನಲ್ಲಿ ಹುಡುಕಿದ. ಐಸ್‌ಲ್ಯಾಂಡಿನ ಫಾಗ್ರಡಾಲ್ಸ್‌ಫ್ಯಾಲ್ ಜ್ವಾಲಾಮುಖಿಯದ್ದು, 2021ರದ್ದು. ಆ ಸ್ಫೋಟ ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಂತೂ ಹೋಗಿದೆ. ಅಂದರೆ ಪೋಸ್ಟರಿನ ಲಾವಾ ತಣ್ಣಗಾಗಿ ಕಲ್ಲಾಗಿ ವರ್ಷಗಳೇ ಆದವು, ಅದೂ ಭೂಮಿಯ ಇನ್ನೊಂದು ಮೂಲೆಯಲ್ಲಿ. ಇದನ್ನು ಕಳಿಸಿದೆ. ಉತ್ತರ: ‘ಚಿತ್ರ ಸಾಂಕೇತಿಕ ಸಾರ್, ಎಲ್ಲ ಕಂಪೆನಿಯವರೂ ಹಾಗೆಯೇ.’

ದುಡ್ಡು ವಾಪಸ್ ಕೇಳಿದ ಮೇಲೆ ಭಾಷೆಯೇ ಬದಲಾಯಿತು. ಅಡ್ವಾನ್ಸ್ ಸಿಗುವವರೆಗೆ ಎಷ್ಟು ಚಂದದ ಕನ್ನಡ, ಈಗ ಫೋನ್ ಎತ್ತಿದರೆ ‘ಎಂದಾ ಪ್ರಶ್ನಂ ಸಾರೇ?’ (ಏನು ತೊಂದರೆ ಸಾರ್?) ನಾನೂ ಮಲಯಾಳದಲ್ಲೇ ಉತ್ತರ ಕೊಟ್ಟೆ, ಕಾಸರಗೋಡಿನವನಿಗೆ ಅದೇನು ದೊಡ್ಡ ವಿಷಯವಾ. ಆಗ ‘ಮುಂದಿನ ಮೂನ್ನಾರ್ ಟ್ರಿಪ್ಪಿಗೆ ಡಿಸ್ಕೌಂಟ್ ಕೊಡ್ತೇನೆ’ ಅಂದ. ಲಾವಾದ ದುಡ್ಡಿಗೆ ಮೂನ್ನಾರು! ಕೊನೆಗೆ, ‘ರಿವ್ಯೂ ಹಾಕಬೇಡಿ, ಹಾಕಿದರೆ ಕೇಸು.’

‘ಇಂಡೋನೇಷ್ಯಾದಲ್ಲಿ ಬೇರೆ ಕಡೆ ನಿಜವಾದ ಲಾವಾ ಉಂಟಲ್ಲ’ ಅಂತ ಕೇಳಬೇಡಿ. ಉಂಟು, ಜಾವಾದ ಮೆರಾಪಿಯಲ್ಲಿ ಉಂಟು, ಆದರೆ ಅದಕ್ಕೇ ಸುತ್ತ ಕಿಲೋಮೀಟರ್‌ಗಟ್ಟಲೆ ನಿಷೇಧ. ಸುಮಾತ್ರಾದ ಮರಾಪಿ, ಅದು ಬೇರೆ ಗುಡ್ಡ, 2023ರ ಡಿಸೆಂಬರಿನಲ್ಲಿ ಸಿಡಿದು ಹತ್ತಲಿಕ್ಕೆ ಹೋದ 24 ಜನ ಸತ್ತರು. ನಮ್ಮ ದೇಶದ್ದೇ ನೋಡುವ ಅಂದರೆ ಅಂಡಮಾನಿನ ಬ್ಯಾರನ್ ದ್ವೀಪ, ಅದನ್ನು ಹಡಗಿನಿಂದಲೇ ನೋಡಬೇಕು, ಇಳಿಯಲಿಕ್ಕೆ ಬಿಡುವುದಿಲ್ಲ. ಹರಿಯುವ ಲಾವಾದ ಪಕ್ಕದಲ್ಲಿ ನಿಲ್ಲಿಸ್ತೇನೆ ಅಂತ ಊರಿನಲ್ಲಿ ಕೂತು ತಿಂಗಳ ಮೊದಲೇ ಗ್ಯಾರಂಟಿ ಕೊಡುವವ ಸುಳ್ಳು ಹೇಳುತ್ತಿದ್ದಾನೆ, ಅಷ್ಟೇ.

ಗುಡ್ಡದ ಹೆಸರು ಬರೆದು ಕೊಡಲಿಕ್ಕೆ ಹೇಳಿ. ಅದು ಈಗ ಯಾವ ಸ್ಥಿತಿಯಲ್ಲಿ ಉಂಟು ಅಂತ ಆ ದೇಶದ ಜ್ವಾಲಾಮುಖಿ ಇಲಾಖೆಯ ಪುಟದಲ್ಲಿ ನೀವೇ ನೋಡಿ. ಫೋಟೋ ಎಲ್ಲಿಯದ್ದು ಅಂತ ಮನೆಯ ಮಕ್ಕಳ ಹತ್ತಿರ ಹುಡುಕಿಸಿ, ಎರಡು ನಿಮಿಷದ ಕೆಲಸ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಮೆಸೇಜಿನಲ್ಲಿ ಹೇಳಿಸಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಸೀತಾಂಗೋಳಿ ಕಡೆಯ ಒಂದು ಕುಟುಂಬ ರಜೆಗೆ ಅಂತ ಇದೇ ಪ್ಯಾಕೇಜಿಗೆ ಅಡ್ವಾನ್ಸ್ ಕೊಟ್ಟಿದೆಯಂತೆ. ಅವರನ್ನು ಗೊತ್ತಿರುವವರು ಇದನ್ನು ಇವತ್ತೇ ತಲುಪಿಸಿ, ಬಾಕಿ ದುಡ್ಡು ಇನ್ನೂ ಕೊಟ್ಟಿರಲಿಕ್ಕಿಲ್ಲ.