ಡಬ್ಬದ ಮೇಲೆ ‘ಡಿಮ್ಮಬಲ್’ ಅಂತ ಇತ್ತು, ಅದನ್ನೇ ನಂಬಿ ಕೆಟ್ಟೆ

ಮನೆಯಲ್ಲಿ ಫಾಲ್ಸ್ ಸೀಲಿಂಗ್ ಕೆಲಸ ನಡೆಯುತ್ತಿದ್ದರೆ, ಅದರಲ್ಲಿ ಡಿಮ್ಮಬಲ್, ಅಂದರೆ ಬೆಳಕನ್ನು ಹೆಚ್ಚು ಕಡಿಮೆ ಮಾಡಬಹುದಾದ, ಲೈಟ್ ಹಾಕಿಸುವುದಿದ್ದರೆ, ಅದನ್ನು ಮುಚ್ಚುವ ಮೊದಲು ಇದನ್ನೊಮ್ಮೆ ಓದಿ. ನಾನು ಮುಚ್ಚಿಸಿ, ಬಣ್ಣ ಹೊಡೆಸಿ, ದುಡ್ಡು ಎಣಿಸಿ ಕೊಟ್ಟ ಮೇಲೆ ಕಲಿತೆ.

ಕಳೆದ ವರ್ಷ ಬೆಂಗಳೂರಿನ ಬಸವೇಶ್ವರನಗರದ ನಮ್ಮ ಹಳೆಯ ಮನೆಯನ್ನು ಸ್ವಲ್ಪ ರಿಪೇರಿ ಮಾಡಿಸಿದೆವು. ಅದರ ಜೊತೆಗೆ ನನಗೊಂದು ಹುಚ್ಚು ಹಿಡಿಯಿತು. ಫೋನಿನಿಂದಲೇ ಲೈಟ್ ಡಿಮ್ ಮಾಡಬೇಕು. ಊಟ ಆದ ಮೇಲೆ ಹಾಲ್‌ನಲ್ಲಿ ಮಂದ ಬೆಳಕು, ಅಮ್ಮ ಬೆಳಗಿನ ಜಾವ ಎದ್ದರೆ ಕಣ್ಣಿಗೆ ಹೊಡೆಯದಂಥ ಬೆಳಕು. ಆಟೋಮೇಷನ್ ಕೆಲಸ ಮಾಡುವವರೊಬ್ಬರು ಬಂದು, ಸ್ವಿಚ್ ಬೋರ್ಡ್ ಹಿಂದೆ ಅಡಗಿ ಕೂರುವ ಡಿಮ್ಮರ್ ಮಾಡ್ಯೂಲ್ ಹಾಕಿಕೊಟ್ಟರು. ಲೈಟ್ ಯಾವುದು ತರಲಿ ಅಂತ ಕೇಳಿದೆ. “ಡಿಮ್ಮಬಲ್ ಎಲ್‌ಇಡಿ ಯಾವುದಾದ್ರೂ ನಡೆಯುತ್ತೆ ಸಾರ್” ಅಂದರು.

ಎಲೆಕ್ಟ್ರಿಕಲ್ ಅಂಗಡಿಗಳಿರುವ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋದೆ. ನಾಲ್ಕು ಅಂಗಡಿ ಸುತ್ತಿ, ಚೌಕಾಸಿ ಮಾಡಿ, 7 ವ್ಯಾಟ್‌ನ 14 ಡೌನ್‌ಲೈಟ್ ತಂದೆ. ಹಾಲ್‌ಗೆ 8, ನಮ್ಮ ರೂಮಿಗೆ 4, ಅಮ್ಮನ ರೂಮಿಗೆ 2. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ‘ಡಿಮ್ಮಬಲ್’ ಅಂತ ಇತ್ತು. ಇನ್ನೇನು ಬೇಕು ಅಲ್ವಾ?

ಮೊದಲ ಸಂಜೆ ಪೂರ್ತಿ ಬೆಳಕಿನಲ್ಲಿ ಹಾಲ್ ಮದುವೆ ಛತ್ರದ ಹಾಗೆ ಹೊಳೆಯಿತು. ಫೋನಿನಲ್ಲಿ 50 ಪರ್ಸೆಂಟಿಗೆ ಇಳಿಸಿದೆ. ಸೀಲಿಂಗ್ ಒಳಗಿಂದ ಗುಂಯ್ ಅಂತ ಸದ್ದು ಶುರುವಾಯಿತು, ಜೇನುಗೂಡು ಕಟ್ಟಿದಂತೆ. 30ಕ್ಕೆ ಬಂದಾಗ ಲೈಟುಗಳು ನಡುಗತೊಡಗಿದವು. 20ರಲ್ಲಿ ಮೂರು ಆರಿಹೋದವು, ಐದು ಉರಿಯುತ್ತಿದ್ದವು. ಹಾಗೇ ಆರಿಸಿ ಮತ್ತೆ 20ರಲ್ಲೇ ಹಚ್ಚಿದರೆ ಒಂದೂ ಹತ್ತಲಿಲ್ಲ. ಮೇಲಕ್ಕೆ ಎಳೆದರೆ ಒಂದೊಂದಾಗಿ, ಪಾಪ್‌ಕಾರ್ನ್ ಸಿಡಿದ ಹಾಗೆ, ಹತ್ತಿಕೊಂಡವು.

ರಾತ್ರಿ ಇನ್ನೊಂದು ಕಥೆ. ಅಮ್ಮನ ರೂಮಿನಲ್ಲಿ ಲೈಟ್ ಆರಿಸಿದ ಮೇಲೂ ಎರಡೂ ದೀಪ ಮಿಣುಕುಹುಳದ ಹಾಗೆ ಕೆಲವು ಸೆಕೆಂಡಿಗೊಮ್ಮೆ ಮಿನುಗುತ್ತಿದ್ದವು. ಅಮ್ಮ ಎರಡು ಸಲ ಎದ್ದು ಬಂದು ಸ್ವಿಚ್ ಒತ್ತಿದರು. ಮೂರನೇ ಸಲ ನನ್ನನ್ನೇ ಎಬ್ಬಿಸಿ, “ಇದಕ್ಕಿಂತ ಆ ಹಳೇ ಟ್ಯೂಬ್‌ಲೈಟೇ ಚೆನ್ನಾಗಿತ್ತು” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾಡ್ಯೂಲ್ ಹಾಕಿದವರು ಲೈಟಿನ ತಪ್ಪು ಅಂದರು. ಅಂಗಡಿಯವರು ಡಿಮ್ಮರ್ ತಪ್ಪು ಅಂದರು. ಆ್ಯಪ್‌ಗೆ ಅಪ್‌ಡೇಟ್ ಬರುತ್ತೆ, ಕಾಯಿರಿ ಅಂತಲೂ ಮಾಡ್ಯೂಲಿನವರು ಹೇಳಿದರು. ಮೂರು ವಾರ ಕಾದೆ. ದಡ್ಡತನ ನನ್ನದೇ.

ಕೊನೆಗೆ ಗುಟ್ಟು ಬಿಡಿಸಿದ್ದು ನಮ್ಮ ಬೀದಿಯ ವಯಸ್ಸಾದ ಎಲೆಕ್ಟ್ರಿಷಿಯನ್. ಅವರು ಆ್ಯಪ್ ಮುಟ್ಟಲೇ ಇಲ್ಲ. ಚೀಲದಿಂದ ಹಳೆಯ ಕಾಲದ 60 ವ್ಯಾಟ್ ತಂತಿ ಬಲ್ಬ್ ಒಂದನ್ನು ತೆಗೆದು, ಅಮ್ಮನ ರೂಮಿನ ಲೈಟಿಗೆ ಪ್ಯಾರಲಲ್ ಆಗಿ, ಅಂದರೆ ಅದೇ ಎರಡು ವೈರಿಗೆ ಜೊತೆಯಾಗಿ, ಕಟ್ಟಿದರು. ನಡುಕ ನಿಂತಿತು. ಆರಿಸಿದರೆ ಮಿನುಗೂ ಇಲ್ಲ. “ಡಿಮ್ಮರ್‌ಗೆ ಹೊಟ್ಟೆ ತುಂಬ್ತಿಲ್ಲ ಅಷ್ಟೇ” ಅಂದರು.

ವಿಷಯ ಇಷ್ಟು. ಇಂಥ ಡಿಮ್ಮರ್‌ಗಳ ಮೂಲ ಹಳೆಯ ತಂತಿ ಬಲ್ಬಿನ ಕಾಲದ್ದು. ಒಳಗೆ ಟ್ರಯಾಕ್ ಅನ್ನೋ, ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಭಾಗ ಇರುತ್ತದೆ. ಅದು ಆನ್ ಆಗಿಯೇ ಇರಬೇಕಾದರೆ ಅದರ ಮೂಲಕ ಒಂದಿಷ್ಟು ಕರೆಂಟ್ ಹರಿಯುತ್ತಲೇ ಇರಬೇಕು. ನಮ್ಮ ಮಾಡ್ಯೂಲಿನ ಜೊತೆ ಬಂದ ಚೀಟಿಯಲ್ಲಿ ಕನಿಷ್ಠ ಲೋಡ್ (ಅದಕ್ಕೆ ಕಟ್ಟಿದ ಲೈಟುಗಳ ಒಟ್ಟು ವ್ಯಾಟ್) 25 ವ್ಯಾಟ್ ಅಂತ ಇರುವೆ ಗಾತ್ರದ ಅಕ್ಷರದಲ್ಲಿ ಇತ್ತು. ಅಮ್ಮನ ರೂಮಿನಲ್ಲಿ ಇದ್ದದ್ದು 14 ವ್ಯಾಟ್. ಅದೂ ಪೂರ್ತಿ ಬೆಳಕಿನಲ್ಲಿ!

ಆರಿಸಿದ ಮೇಲೂ ಮಿನುಗಿದ್ದಕ್ಕೆ ಕಾರಣ ನ್ಯೂಟ್ರಲ್ ವೈರ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಇಲ್ಲದೇ ಇದ್ದದ್ದು. ನಮ್ಮ ಕಡೆ ಪ್ಲಗ್ ಪಾಯಿಂಟ್ ಇರುವ ಬೋರ್ಡಿಗೆ ನ್ಯೂಟ್ರಲ್ ಬಂದೇ ಇರುತ್ತದೆ. ಅಮ್ಮನ ಹಾಸಿಗೆ ಪಕ್ಕದ ಬೋರ್ಡಿನಲ್ಲಿ ಬರೀ ಟೂ ವೇ ಸ್ವಿಚ್ (ಒಂದೇ ಲೈಟನ್ನು ಎರಡು ಕಡೆಯಿಂದ ಹಚ್ಚುವಂಥದ್ದು) ಇತ್ತು, ಪ್ಲಗ್ ಇರಲಿಲ್ಲ, ನ್ಯೂಟ್ರಲ್ಲೂ ಇರಲಿಲ್ಲ. ಅಂಥ ಕಡೆ ಮಾಡ್ಯೂಲ್ ತನ್ನ ಜೀವ ಉಳಿಸಿಕೊಳ್ಳಲು ದೀಪದ ಮೂಲಕವೇ ಚೂರುಚೂರು ಕರೆಂಟ್ ಎಳೆದುಕೊಳ್ಳುತ್ತದೆ. ತಂತಿ ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ. ಎಲ್‌ಇಡಿ ಒಳಗಿನ ಕೆಪಾಸಿಟರ್ ಮಾತ್ರ ಅದನ್ನು ಹನಿಹನಿಯಾಗಿ ಕೂಡಿಟ್ಟು, ತುಂಬಿದಾಗ ಒಮ್ಮೆ ಪಕ್ಕನೆ ಮಿನುಗಿಬಿಡುತ್ತದೆ. ಇದಕ್ಕೆ ಬೈಪಾಸ್ ಅಂತ ಸಣ್ಣದೊಂದು ಭಾಗ ಸಿಗುತ್ತದೆ, ದೀಪದ ಪಕ್ಕದಲ್ಲಿ ಕಟ್ಟಬೇಕು, ಆ ಚೂರು ಕರೆಂಟ್ ದೀಪ ಬಿಟ್ಟು ಅದರ ಮೂಲಕ ಹೋಗುತ್ತದೆ. ನಮ್ಮಲ್ಲಿ ಅದನ್ನು ಕಟ್ಟಲು ಸೀಲಿಂಗ್‌ಗೆ ಕೈ ಹಾಕಬೇಕಾಯಿತು. ಕತ್ತರಿಸಿದ ಜಾಗದ ತೇಪೆ ಈಗಲೂ ಕಾಣಿಸುತ್ತದೆ.

ಹಾಲ್‌ನಲ್ಲಿ 8 ಲೈಟ್, 56 ವ್ಯಾಟ್. ಅಲ್ಲಿ ಲೋಡಿಗೆ ಬರ ಇರಲಿಲ್ಲ, ಆದರೂ ಗುಂಯ್ ಅನ್ನುತ್ತಿತ್ತು. ನಮ್ಮ ಮನೆ ಕರೆಂಟ್ 50 ಹರ್ಟ್ಸ್‌ದು. ಅಂದರೆ ಅದರ ಅಲೆ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ. ಡಿಮ್ಮರ್ ಈ ಅಲೆಯನ್ನು ಕತ್ತರಿಸಿ ಬೆಳಕು ಇಳಿಸುತ್ತದೆ, ಅದರಲ್ಲಿ ಎರಡು ಬಗೆ. ಲೀಡಿಂಗ್ ಎಡ್ಜ್ ಡಿಮ್ಮರ್ ಪ್ರತಿ ಅರ್ಧ ಅಲೆಯ ಮುಂಭಾಗ ಕತ್ತರಿಸಿ, ನಡುವಿನಲ್ಲಿ ಧಡಕ್ಕನೆ ಆನ್ ಆಗುತ್ತದೆ. ಎಲ್‌ಇಡಿ ಡ್ರೈವರ್‌ಗೆ (ಲೈಟಿಗೆ ಕರೆಂಟ್ ಹದ ಮಾಡಿ ಕೊಡುವ ಭಾಗಕ್ಕೆ) ಅದು ಸೆಕೆಂಡಿಗೆ 100 ಗುದ್ದು ಬಿದ್ದ ಹಾಗೆ, ಸದ್ದು ಬಾರದೆ ಇನ್ನೇನು? ಟ್ರೇಲಿಂಗ್ ಎಡ್ಜ್‌ನದು ಸೊನ್ನೆಯಿಂದ ಮೆಲ್ಲಗೆ ಹತ್ತಿ, ಅಲೆಯ ಬಾಲ ಕತ್ತರಿಸುತ್ತದೆ. ಎಲ್‌ಇಡಿಗೆ ಸಾಮಾನ್ಯವಾಗಿ ಇದೇ ಒಗ್ಗುತ್ತದೆ. ನಮಗೆ ಹಾಕಿಕೊಟ್ಟದ್ದು ಲೀಡಿಂಗ್ ಎಡ್ಜ್. ಈ ಎರಡು ಪದ ನನಗೆ ಮೊದಲೇ ಗೊತ್ತಿದ್ದಿದ್ದರೆ ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತಿತ್ತು.

ಇನ್ನೊಂದು ಪಾಠ ಕರೆಂಟ್ ಹೋದ ದಿನ ಆಯಿತು. ನಮ್ಮ ಇನ್ವರ್ಟರ್ ಹಳೆಯದು, ಸ್ಕ್ವೇರ್ ವೇವ್, ಅಂದರೆ ಅದರ ಕರೆಂಟಿನ ಅಲೆ ನುಣುಪಲ್ಲ, ಚೌಕ. ಅದರ ಮೇಲೆ ಡಿಮ್ಮರ್ ಓಡಿಸಿದಾಗ ಲೈಟುಗಳು ಗುಂಯ್ ಅನ್ನುವುದು ಬಿಟ್ಟು ಕಿರುಚತೊಡಗಿದವು. ಮಳೆಗಾಲದಲ್ಲಿ ಇನ್ವರ್ಟರ್ ಮೇಲೆ ಬದುಕುವ ನಾವು ಇದನ್ನು ಪರೀಕ್ಷೆ ಮಾಡಿ ನೋಡಬೇಡವೇ? ಮೇನ್ ಕರೆಂಟಿನ ಹಾಗೆ ನುಣುಪು ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಆಗಿದ್ದರೆ ಈ ಕಾಟ ಇರುವುದಿಲ್ಲ.

ಹಾಗಾಗಿ ನೀವು 14 ತರಬೇಡಿ, ಒಂದು ಸರ್ಕ್ಯೂಟಿಗೆ, ಅಂದರೆ ಒಂದು ಡಿಮ್ಮರಿನ ಲೈನಿಗೆ, ಆಗುವಷ್ಟು ತನ್ನಿ. ಸೀಲಿಂಗ್ ತೆರೆದಿರುವಾಗಲೇ, ನಿಮ್ಮದೇ ಡಿಮ್ಮರ್‌ಗೆ ಕಟ್ಟಿ, ರಾತ್ರಿ ಮನೆ ನಿಶ್ಶಬ್ದ ಆದ ಮೇಲೆ ಪೂರ್ತಿ ಇಳಿಸಿ ಕಿವಿಗೊಡಿ. ಫೋನಿನ ಸ್ಲೋ ಮೋಷನ್ ವಿಡಿಯೊದಲ್ಲಿ ನೋಡಿ, ಕಣ್ಣಿಗೆ ಕಾಣದ ನಡುಕವೂ ಪಟ್ಟೆಪಟ್ಟೆಯಾಗಿ ಕಾಣಿಸುತ್ತದೆ. ಮೇನ್ ಆರಿಸಿ ಇನ್ವರ್ಟರ್ ಮೇಲೂ ಒಮ್ಮೆ ನೋಡಿ. ಎಷ್ಟು ಪರ್ಸೆಂಟ್‌ವರೆಗೆ ಇಳಿಯುತ್ತದೆ ಅಂತ ಅಂಗಡಿಯಲ್ಲೇ ಕೇಳಿ. 10 ಪರ್ಸೆಂಟ್ ಅಂದರೆ ತುಂಬಾ ಮಂದ ಅಂದುಕೊಳ್ಳಬೇಡಿ, ನಮ್ಮ ಕಣ್ಣಿಗೆ ಅದು ಸುಮಾರು 30ರ ಹಾಗೆ ಕಾಣುತ್ತದೆ. ಡಿಮ್ಮರ್ ಮೇಲೆ 250 ವ್ಯಾಟ್ ಅಂತ ಇದ್ದರೆ ಅದು ತಂತಿ ಬಲ್ಬಿನ ಲೆಕ್ಕ ಇರಬಹುದು. ಎಲ್‌ಇಡಿ ಲೆಕ್ಕ ಬೇರೆ, ಬಹಳ ಕಡಿಮೆ ಇರುತ್ತದೆ.

ನನ್ನ ಅಕ್ಕನ ಮಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಡಿಮ್ಮರ್ ಇರುವ ಲೈನಿಗೆ ವೈಫೈ ಸ್ಮಾರ್ಟ್ ಬಲ್ಬ್ ಹಾಕಿದ. ಡಿಮ್ಮರ್ ಇಳಿಸಿದ ಕೂಡಲೇ ಬಲ್ಬ್ ಆಫ್‌ಲೈನ್. ಸ್ಮಾರ್ಟ್ ಬಲ್ಬಿಗೆ ಯಾವಾಗಲೂ ಪೂರ್ತಿ ಕರೆಂಟ್ ಬೇಕು, ಡಿಮ್ ಮಾಡುವ ಕೆಲಸ ಅದರೊಳಗೇ ನಡೆಯುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಲೈಟಿನ ಡಿಮ್ಮರ್‌ಗೆ ಫ್ಯಾನ್ ಕಟ್ಟುತ್ತೇನೆ ಅಂತ ಯಾರಾದರೂ ಹೇಳಿದರೆ ಅವರಿಗೆ ಕಾಫಿ ಕೊಟ್ಟು ಕಳಿಸಿ.

ಈಗ ಹಾಲ್‌ನಲ್ಲಿ ಟ್ರೇಲಿಂಗ್ ಎಡ್ಜ್ ಮಾಡ್ಯೂಲ್, ಅದರ ಜೊತೆ ಒಗ್ಗುತ್ತವೆ ಅಂತ ಹಚ್ಚಿ ನೋಡಿ ತಂದ ಬೇರೆ ಲೈಟ್. ಕೆಳಗಿನ ಮಿತಿಯನ್ನು 18ಕ್ಕೆ ಕಟ್ಟಿಟ್ಟಿದ್ದೇನೆ, ಸದ್ದಿಲ್ಲ. ಅಮ್ಮನ ರೂಮಿನ ಬೈಪಾಸ್ ಮಿನುಗನ್ನು ನಿಲ್ಲಿಸಿತು, ನಡುಕವನ್ನಲ್ಲ. ಅಲ್ಲಿ ಡಿಮ್ಮರ್ ಕಿತ್ತು ಮಾಮೂಲಿ ಸ್ವಿಚ್ ಹಾಕಿಸಿ, ಗೋಡೆಗೊಂದು ಸಣ್ಣ ನೈಟ್ ಲ್ಯಾಂಪ್ ಕೊಟ್ಟಿದ್ದೇನೆ. ಹಾಲ್‌ನಿಂದ ಇಳಿಸಿದ 8 ಡೌನ್‌ಲೈಟ್ ಅಟ್ಟದ ಮೇಲೆ ಡಬ್ಬದಲ್ಲಿ ಕೂತಿವೆ. ಬೇಕಾದವರು ಕೇಳಿ, ಸುಮ್ನೆ ಕೊಡುತ್ತೇನೆ. ಮಾಮೂಲಿ ಸ್ವಿಚ್‌ಗೆ ಹಾಕುವುದಾದರೆ ಮಾತ್ರ.