ಆಟೋಮ್ಯಾಟಿಕ್ ಪಿಕಪ್ ಇರುವವರೇ, ‘ಲೈಫ್‌ಟೈಮ್ ಆಯಿಲ್’ ಮಾತು ನಂಬಬೇಡಿ

ಘಾಟಿಯಲ್ಲಿ ಲೋಡ್ ಹಾಕಿ ಓಡಿಸುವ ಡೀಸೆಲ್ ಪಿಕಪ್ ನಿಮ್ಮದಾ? ಆಟೋಮ್ಯಾಟಿಕ್ ಗೇರಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ‘ಸೀಲ್ಡ್ ಗೇರ್‌ಬಾಕ್ಸ್ ಸಾರ್, ಲೈಫ್‌ಟೈಮ್ ಆಯಿಲ್, ಬದಲಿಸೋದೇ ಬೇಡ’ ಅಂತ ವರ್ಕ್‌ಶಾಪಿನವರು ಹೇಳಿದ್ದಕ್ಕೆ ನಮ್ಮ ಮನೆಯಲ್ಲಿ ಲಕ್ಷಗಟ್ಟಲೆ ಹೋಯಿತು.

ತೋಟಕ್ಕೂ ಆಗುತ್ತದೆ, ಮನೆಯವರ ಜೊತೆ ಮೈಸೂರಿಗೆ ಹೋಗಲಿಕ್ಕೂ ಆಗುತ್ತದೆ ಅಂತ ತೆಗೆದುಕೊಂಡ ಗಾಡಿ. ಮೊದಲು ಕಂಡ ತೊಂದರೆ ಸಣ್ಣದು. ಬೆಳಿಗ್ಗೆ ಗೇರ್ ಲಿವರನ್ನು ‘ಡಿ’ಗೆ (ಡ್ರೈವ್) ಹಾಕಿದರೆ ಸ್ವಲ್ಪ ತಡೆದು, ಆಮೇಲೆ ಧಡ್ ಅಂತ ಗೇರ್ ಹಿಡಿಯುತ್ತಿತ್ತು. ನಂತರ ಕುಶಾಲನಗರ ಕಡೆಯ ನೇರ ರಸ್ತೆಯಲ್ಲಿ ಅರವತ್ತು ಎಪ್ಪತ್ತರ ವೇಗಕ್ಕೆ ಬಂದಾಗ ಸಾಲು ಹಂಪ್ಸ್ ಮೇಲೆ ಹೋದ ಹಾಗೆ ನಡುಕ. ಕಾಫಿ ಮೂಟೆ ತುಂಬಿ ಏರು ಹತ್ತುವಾಗ ಎಂಜಿನ್ ಕಿರುಚುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ.

ಪ್ರತಿ ಸಲವೂ ವರ್ಕ್‌ಶಾಪಿಗೆ ಹೇಳಿದೆವು. ಮೊದಲು ಸಿಕ್ಕಿದ್ದು ಅದೇ ಲೈಫ್‌ಟೈಮ್ ಉತ್ತರ. ಮತ್ತೆ ಹೋದಾಗ ಯಾವುದೋ ಕ್ಯಾನಿನಿಂದ ಒಂದಿಷ್ಟು ಆಯಿಲ್ ಟಾಪ್‌ಅಪ್ ಮಾಡಿದರು. ಯಾವ ಆಯಿಲ್ ಅಂತ ತಮ್ಮ ಕೇಳಿದ. ‘ಕೆಂಪಗಿದೆ ಅಲ್ವಾ ಅಣ್ಣಾ, ಎಲ್ಲಾ ಒಂದೇ’ ಅಂದರು.

ಒಂದೇ ಅಲ್ಲ. ಒಳಗಿನ ಕ್ಲಚ್ ಪ್ಲೇಟು ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಅನ್ನುವುದು ಆ ಆಯಿಲ್ಲಿನ ಗುಣದ ಮೇಲೆ ನಿಂತಿದೆ. ಬಣ್ಣ ಬರೀ ಗುರುತಿಗೆ. ತಪ್ಪು ಆಯಿಲ್ ಬಿದ್ದ ಮೇಲೆ ನಡುಕ ಇನ್ನೂ ಜಾಸ್ತಿಯಾಯಿತು.

ಕೊನೆಗೆ ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಬರುವಾಗ ಸಂಪಾಜೆ ಘಾಟಿಯಲ್ಲಿ, ಕೊಯನಾಡು ದಾಟಿ ಜೋಡುಪಾಲದ ಹತ್ತಿರ, ವಾರ್ನಿಂಗ್ ಲೈಟ್ ಬಂದು ಗೇರ್ ಮೂರರಲ್ಲೇ ನಿಂತುಬಿಟ್ಟಿತು. ಜೋರು ಮಳೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಕಡೆ ಅದು. ಅಲ್ಲಿ ಮಳೆಯಲ್ಲಿ ಲೋಡ್ ಗಾಡಿ ಇಟ್ಟುಕೊಂಡು ನಿಲ್ಲುವ ಭಯ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರು ಜೀಪಿಗೆ ಹಗ್ಗ ಕಟ್ಟಿ ಎಳೆಯಲು ಬಂದರು, ಪುಣ್ಯಾತ್ಮರು. ಆದರೆ ಆಟೋಮ್ಯಾಟಿಕ್ ಗಾಡಿಯನ್ನು ಹಾಗೆ ದೂರ ಎಳೆಸಬೇಡಿ. ಎಂಜಿನ್ ಆಫ್ ಆದರೆ ಗೇರ್‌ಬಾಕ್ಸಿನ ಪಂಪ್ ತಿರುಗುವುದಿಲ್ಲ, ಒಳಗೆ ಆಯಿಲ್ ಹರಿಯುವುದಿಲ್ಲ, ಉಳಿದದ್ದೂ ಸುಡುತ್ತದೆ. ಲಾರಿ ಮೇಲೆ ಏರಿಸಿಯೇ ಸಾಗಿಸಿ.

ಮೈಸೂರಿನ ಗೇರ್‌ಬಾಕ್ಸ್ ಮೆಕ್ಯಾನಿಕ್ ಬಿಚ್ಚಿ ತೋರಿಸಿದರು. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಕೆಳಗಿನ ಪ್ಯಾನಿನಲ್ಲಿ ಮ್ಯಾಗ್ನೆಟ್ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಕೂತಿದ್ದರೆ ಹೆದರಬೇಕಾಗಿಲ್ಲ, ಅದು ಸಹಜ ಸವೆತ. ನಮ್ಮದರಲ್ಲಿ ಲೋಹದ ಚೂರುಗಳೇ ಇದ್ದವು.

ನಮ್ಮ ರಸ್ತೆಗಳಲ್ಲಿ ಯಾಕೆ ಹೀಗೆ ಬೇಗ ಹಾಳಾಗುತ್ತದೆ ಅಂತ ಅವರು ಹೇಳಿದ್ದು ಎಲ್ಲರಿಗೂ ಗೊತ್ತಿರಬೇಕು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇದೆ. ಅದರಲ್ಲಿ ಶಕ್ತಿಯನ್ನು ದಾಟಿಸುವುದು ಆಯಿಲ್. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋದರೆ ಕನ್ವರ್ಟರ್ ಒಳಗಿನ ಲಾಕ್‌ಅಪ್ ಕ್ಲಚ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಹಿಡಿದುಕೊಳ್ಳುತ್ತದೆ, ಜಾರಾಟ ಇಲ್ಲ, ಶಾಖ ಕಡಿಮೆ. ಹೇರ್‌ಪಿನ್ ತಿರುವಿನಲ್ಲಿ ಲೋಡ್ ಹೊತ್ತು ನಿಧಾನಕ್ಕೆ ಹತ್ತುವಾಗ ಲಾಕ್ ಆಗುವುದೇ ಕಡಿಮೆ. ಜಾರಾಟವೆಲ್ಲ ಶಾಖವಾಗಿ ಆಯಿಲ್ಲಿಗೆ ಸೇರುತ್ತದೆ. ಕೇರಳದ ಕಡೆ ಇಳಿಯುವ ಮಾಕುಟ್ಟ ಘಾಟಿಯಲ್ಲೂ ಇದೇ ಕಥೆ.

ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಕಾರು ಗೇರ್‌ಬಾಕ್ಸುಗಳಿಗೆ 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ 8 ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತದೆ. ಲೋಡು, ಏರು ಇದ್ದರೆ ಇನ್ನೂ ಬೇಗ ಬೇಕು. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಕಠಿಣ ಬಳಕೆಗೆ ಬೇರೆ ಪಟ್ಟಿ ಇದೆಯಾ ನೋಡಿ. ತೋಟದ ಗಾಡಿಗೆ ಆ ಪಟ್ಟಿಯೇ ಲೆಕ್ಕ. ನಾವೀಗ 50,000ಕ್ಕೆ ಬದಲಿಸುತ್ತೇವೆ.

ಬದಲಿಸುವಾಗ ಪಕ್ಕದಲ್ಲೇ ನಿಲ್ಲಿ. ಮ್ಯಾನುಯಲ್‌ನಲ್ಲಿ ಹೇಳಿದ ಸ್ಪೆಕ್ಕಿನದೇ ಡಬ್ಬಿಯನ್ನು ನಿಮ್ಮ ಎದುರಿಗೇ ಒಡೆಯಲಿ. ಈಗಿನ ತುಂಬಾ ಗಾಡಿಗಳಲ್ಲಿ ಗೇರ್ ಆಯಿಲ್ ನೋಡಲು ಡಿಪ್‌ಸ್ಟಿಕ್ ಇಲ್ಲ. ಎಂಜಿನ್ ಓಡುತ್ತಿರುವಾಗ, ಗಾಡಿ ಕಂಪನಿ ಹೇಳಿದಷ್ಟು ಬಿಸಿಗೆ ಆಯಿಲ್ ಬಂದಾಗ, ಗೇರ್‌ಬಾಕ್ಸಿನ ಲೆವೆಲ್ ಪ್ಲಗ್ ತೆಗೆದು ನೋಡಬೇಕು. ಬಿಸಿ ಎಷ್ಟು ಅಂತ ತಿಳಿಯಲು ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಸ್ಕ್ಯಾನರ್ ಇಲ್ಲದೆ ಅಂದಾಜಿಗೆ ತುಂಬುವ ಕಡೆ ಕೊಡಲೇಬೇಡಿ. ಒಂದು ಸಲ ಡ್ರೈನ್ ಮಾಡಿದರೆ ಹಳೆಯದು ಪೂರ್ತಿ ಬರುವುದಿಲ್ಲ, ಕನ್ವರ್ಟರ್‌ನಲ್ಲಿ ತುಂಬಾ ಉಳಿಯುತ್ತದೆ ಅನ್ನುವುದೂ ನೆನಪಿರಲಿ.

ಮಳೆಗಾಲದಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ನೀರು ತುಂಬಿದ ರಸ್ತೆ ದಾಟಿಸಿದ್ದರೆ ಆಯಿಲ್ ನೋಡಿಸಿ. ಗೇರ್‌ಬಾಕ್ಸಿಗೆ ಗಾಳಿಯಾಡಲು ಇರುವ ಬ್ರೀದರ್ ಮೂಲಕ ನೀರು ಒಳಗೆ ಹೋಗಬಹುದು. ಆಯಿಲ್ ಹಾಲು ಬೆರೆಸಿದಂಥ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಒಂದೋ ನೀರು ಸೇರಿದೆ, ಇಲ್ಲವೇ ರೇಡಿಯೇಟರ್‌ನ ಕೂಲೆಂಟ್ ಸೇರಿದೆ.

ಇನ್ನು ಬಿಲ್. ಆಯಿಲ್ಲಿನ ಹೆಸರು, ಸ್ಪೆಕ್, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಹಾಕಿದ್ದು, ಎಲ್ಲವನ್ನೂ ಬರೆಸಿಕೊಳ್ಳಿ. ನಮ್ಮ ಟಾಪ್‌ಅಪ್ ಬಿಲ್ಲಿನಲ್ಲಿ ಬರೀ ‘ಆಯಿಲ್’ ಅಂತ ಇತ್ತು. ಪರಿಹಾರ ಕೇಳಲು ಹೋದಾಗ ‘ನಾವು ಸರಿಯಾದದ್ದೇ ಹಾಕಿದ್ದು’ ಅಂದರು. ತೋರಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.