48-20-145: ಎರಡು ವರ್ಷದಿಂದ ಹಾಕುತ್ತಿರುವ ಮೆಟಲ್ ಫ್ರೇಮ್

ಮಂಗಳೂರಿನ ಸೆಕೆ, ಬೆವರು ಎರಡನ್ನೂ ತಡೆದುಕೊಂಡು ಎರಡು ವರ್ಷ ದಾಟಿದ ಕನ್ನಡಕದ ಫ್ರೇಮ್ ಇದು. ತೆಳು ಮೆಟಲ್, ಪೂರ್ತಿ ರಿಮ್, ಸ್ವಲ್ಪ ಗುಂಡಗಿನ ಆಕಾರ, ಮೂಗಿಗೆ ಸಿಲಿಕೋನ್ ಪ್ಯಾಡ್. ಬ್ರ್ಯಾಂಡ್ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಕಡ್ಡಿಯ ಒಳಬದಿಯಲ್ಲಿ 48□20 145 ಎಂದು ಅಚ್ಚಾಗಿದೆ ನೋಡಿ, ಇದು ನನಗೆ ಹಿಡಿಸಿದ್ದಕ್ಕೆ ಆ ಮೂರು ಅಳತೆಗಳೇ ಕಾರಣ.

48 ಎಂದರೆ ಒಂದು ಗಾಜಿನ ಅಗಲ. 20 ಎಂದರೆ ಎರಡು ಗಾಜುಗಳ ನಡುವಿನ ಅಂತರ, ಅಂದರೆ ಬ್ರಿಡ್ಜ್. 145 ಕಡ್ಡಿಯ ಉದ್ದ, ಕಿವಿಯ ಹಿಂದೆ ಬಾಗುವ ಭಾಗವೂ ಸೇರಿ. ಎಲ್ಲವೂ ಮಿಲಿಮೀಟರ್ ಲೆಕ್ಕ.

ಇದಕ್ಕೂ ಮೊದಲು ನನ್ನ ಹತ್ತಿರ ಇದ್ದದ್ದು 54-18-140ರ ದಪ್ಪ ಪ್ಲಾಸ್ಟಿಕ್ ಫ್ರೇಮ್. ನನ್ನ ಪವರ್ ಮೈನಸ್ 5. ಮೈನಸ್ ಗಾಜು ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ. ಗಾಜು ಅಗಲವಾದಷ್ಟೂ ಆ ದಪ್ಪ ಜಾಸ್ತಿ. ಇನ್ನೊಂದು ವಿಷಯವೂ ಇದೆ. ನನ್ನ ಎರಡು ಕಣ್ಣುಪಾಪೆಗಳ ನಡುವಿನ ಅಂತರ, ಅಂಗಡಿಯವರು ಪಿ.ಡಿ. ಅಂತ ಬರೆಯುತ್ತಾರಲ್ಲ, ಅದು 62. ಗಾಜಿನ ಅಗಲಕ್ಕೆ ಬ್ರಿಡ್ಜ್ ಕೂಡಿಸಿದರೆ ಎರಡು ಗಾಜುಗಳ ನಟ್ಟನಡುವಿನ ಅಂತರ ಸಿಗುತ್ತದೆ. ಹಳೆಯದರಲ್ಲಿ ಅದು 72 ಆಗುತ್ತಿತ್ತು. ಅಂದರೆ ಪ್ರತಿ ಗಾಜಿನ ಪವರ್ ಕೇಂದ್ರ ಕಣ್ಣುಪಾಪೆಯ ಎದುರಿಗೇ ಬರಲು ಅದನ್ನು ಮೂಗಿನ ಕಡೆಗೆ 5 ಮಿಲಿಮೀಟರ್ ಸರಿಸಬೇಕು. ಹಾಗೆ ಸರಿಸಿದಾಗ ಕಿವಿಯ ಕಡೆಯ ಅಂಚು ಇನ್ನೂ ದಪ್ಪವಾಗುತ್ತದೆ. ಈಗಿನದರಲ್ಲಿ ಮೊತ್ತ 68, ಸರಿಸಬೇಕಾದದ್ದು ಬರೀ 3. ಪವರ್ ಅದೇ, ಗಾಜಿನ ಬಗೆಯೂ ಅದೇ. ಆದರೂ ಭಾರ ಕಡಿಮೆಯಾದದ್ದು ಮೂಗಿಗೆ ಮೊದಲ ದಿನವೇ ಗೊತ್ತಾಯಿತು. ಪವರ್ ಜಾಸ್ತಿ ಇರುವವರು ದುಬಾರಿ ತೆಳು ಗಾಜಿಗೆ ದುಡ್ಡು ಸುರಿಯುವ ಮೊದಲು ಈ ಲೆಕ್ಕ ಹಾಕಿ ನೋಡಲೇಬೇಕು.

ಬ್ರಿಡ್ಜ್ ವಿಷಯದಲ್ಲಿ ಅಂಕಿ ಒಂದನ್ನೇ ನಂಬುವ ಹಾಗಿಲ್ಲ. ಪ್ಲಾಸ್ಟಿಕ್ ಫ್ರೇಮ್ ಸಾಮಾನ್ಯವಾಗಿ ನೇರವಾಗಿ ಮೂಗಿನ ಮೇಲೆ ಕೂರುತ್ತದೆ. ಅಗಲವಾದರೆ ಜಾರುತ್ತದೆ, ಇಕ್ಕಟ್ಟಾದರೆ ಒತ್ತಿ ಗುರುತು ಬೀಳುತ್ತದೆ. ಪ್ಯಾಡ್ ಇದ್ದರೆ ಒಳಕ್ಕೋ ಹೊರಕ್ಕೋ ಸ್ವಲ್ಪ ಬಗ್ಗಿಸಿ ಸರಿಮಾಡಬಹುದು. ನನ್ನಂತೆ ಮೂಗಿನ ಬುಡ ತಗ್ಗಾಗಿ ಇರುವವರಿಗೆ ಪ್ಯಾಡ್ ಇರುವ ಫ್ರೇಮೇ ವಾಸಿ.

ಕಡ್ಡಿಯಲ್ಲಿ 5 ಮಿಲಿಮೀಟರ್ ಹೆಚ್ಚಿದ್ದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಬಾಗು ಕಿವಿಯ ಮೇಲ್ತುದಿ ದಾಟಿದ ಕೂಡಲೇ ಶುರುವಾಗಬೇಕು. ಹಳೆಯದರಲ್ಲಿ ಅದು ಮೊದಲೇ ಶುರುವಾಗಿ ಕಿವಿಯ ಹಿಂದೆ ಸಂಜೆ ಹೊತ್ತಿಗೆ ನೋವು ಬರುತ್ತಿತ್ತು. ಈಗ ಇಲ್ಲ.

ಇನ್ನು ತೊಂದರೆಗಳು. ಬೆವರಿಗೆ ಪ್ಯಾಡ್ ಹಳದಿಯಾಗುತ್ತದೆ, ಅದನ್ನು ಹಿಡಿದಿರುವ ತಂತಿಯ ಬಳಿ ಹಸಿರು ಕಿಲುಬು ಕಟ್ಟುತ್ತದೆ. ಪ್ಯಾಡ್ ಬದಲಾಯಿಸಿದ್ದೇನೆ, ಅದೇನೂ ದೊಡ್ಡ ಖರ್ಚಲ್ಲ. ಕಡ್ಡಿಯ ಸ್ಕ್ರೂ ಆಗಾಗ ಸಡಿಲವಾಗುತ್ತದೆ. ಬಲಗಡೆ ಕಡ್ಡಿಯ ಬಣ್ಣವೂ ಸ್ವಲ್ಪ ಎದ್ದಿದೆ.

ಆನ್‌ಲೈನಿನಲ್ಲಿ ಕೊಳ್ಳುವವರು ಇನ್ನೊಂದು ಅಳತೆ ನೋಡಬೇಕು: ಫ್ರೇಮಿನ ಒಟ್ಟು ಅಗಲ. ಕಡ್ಡಿಯ ಮೇಲಿನ ಮೂರು ಅಂಕಿಗಳಲ್ಲಿ ಅದು ಇರುವುದಿಲ್ಲ. ಈಗಾಗಲೇ ಹಿತವಾಗಿ ಕೂರುವ ಕನ್ನಡಕ ಮನೆಯಲ್ಲಿದ್ದರೆ, ಒಂದು ಬದಿಯ ತುದಿಯಿಂದ ಇನ್ನೊಂದು ಬದಿಯ ತುದಿಗೆ ಸ್ಕೇಲ್ ಹಿಡಿದು ಅಳೆದುಕೊಳ್ಳಿ. ಗಾಜಿನ ಎತ್ತರವನ್ನೂ ಹಾಗೇ ಬರೆದಿಟ್ಟುಕೊಳ್ಳಿ. ಪ್ರೋಗ್ರೆಸಿವ್ ಗಾಜು, ಅಂದರೆ ಮೇಲೆ ದೂರದ ಪವರ್, ಕೆಳಗೆ ಓದುವ ಪವರ್ ಇರುವ ಗಾಜು ಹಾಕಿಸುವವರಿಗಂತೂ ಅದು ಬೇಕೇ ಬೇಕು. ಎತ್ತರ ಕಡಿಮೆಯಾದರೆ ಓದುವ ಭಾಗಕ್ಕೇ ಜಾಗ ಸಾಲುವುದಿಲ್ಲ. ಇದರ ಎತ್ತರ 40, ಹಾಗಾಗಿ ಮುಂದೆ ಓದುವ ಪವರ್ ಬಂದರೂ ಇದೇ ಅಳತೆಯ ಫ್ರೇಮ್ ಹುಡುಕುತ್ತೇನೆ.